ಮಡಿಕೆ ಮುರಿದ ರೇಷ್ಮೆ ಸೀರೆ

ಹೋದ ತಿಂಗಳು ಮೊಳಕಾಲ್ಮುರಿಗೆ ಹೋದಾಗ ನಮ್ಮಕ್ಕನ ಮಗಳು ಭಾರತಿ ನಡುಮನೆಯಲ್ಲಿ ಫೋನಿನ ಮುಂದೆ ನಿಂತು ವ್ಯಾಪಾರ ಮಾಡುತ್ತಿದ್ದಳು. ಗೋಡೆಗೆ ಬಿಳೀ ಬೆಡ್‌ಶೀಟು, ಎದುರಿಗೆ ಮೂರು ಕಾಲಿನ ಸ್ಟ್ಯಾಂಡು, ಅದರ ನೆತ್ತಿಯ ಮೇಲೆ ಫೋನು. “ಬರ್ರಿ ಅಕ್ಕಾ, ಬರ್ರಿ, ಹುಬ್ಬಳ್ಳಿಯಿಂದ ಯಾರೋ ಬಂದ್ರು. ಈ ಕಲರು ಒಂದೇ ಪೀಸ್ ಐತೆ, ಬೇಕಾದೋರು ಬೇಗ ಸ್ಕ್ರೀನ್‌ಶಾಟ್ ಕಳಿಸ್ರಿ” ಎನ್ನುತ್ತಾ, ಪೆಟ್ಟಿಗೆಯಿಂದ ಹೊಸ ರೇಷ್ಮೆ ಸೀರೆಯೊಂದನ್ನು ತೆಗೆದು, ಜಾಡಿಸಿ ಬಿಚ್ಚಿ, ಹೆಗಲ ಮೇಲೆ ಹಾಕಿಕೊಂಡಳು. ಮಗ್ಗದಿಂದ ಈಗಷ್ಟೇ ಇಳಿದ ರೇಷ್ಮೆಯ ವಾಸನೆ, ಸ್ವಲ್ಪ ಗಂಜಿ, ಸ್ವಲ್ಪ ಬಣ್ಣ, ನಾನು ಕೂತಿದ್ದ ಮೂಲೆಗೂ ಬಂತು. ನನಗೆ ಗೊತ್ತಿಲ್ಲದಂಗೆ “ಅಯ್ಯೋ” ಅಂದುಬಿಟ್ಟೆ.

ಭಾರತಿ ಫೋನಿಗೆ ಕೈ ಅಡ್ಡ ಹಿಡಿದು, “ಏನಾತು ಚಿನ್ನಮ್ಮ?” ಅಂದಳು. ಆಂಧ್ರದ ಗಡಿಯ ಊರು, ನಮ್ಮ ಮಾತಿನಲ್ಲಿ ತೆಲುಗೂ ಬೆರೆತಿದೆ, ಚಿಕ್ಕಮ್ಮನಿಗೆ ಚಿನ್ನಮ್ಮ ಅನ್ನುತ್ತಾರೆ.

“ಏನಿಲ್ಲ, ನಿನ್ನ ಯಾಪಾರ ನಡೀಲಿ” ಅಂದೆ.

ಅಷ್ಟು ದೂರದ ಹೆಂಗಸರನ್ನೆಲ್ಲ ನಡುಮನೆಗೆ ಕರೆದು ಕೂರಿಸಿಕೊಂಡು ಅವಳು ಮಾತಾಡುತ್ತಿದ್ದ ರೀತಿ ನೋಡಿ ನನಗೆ ಹೆಮ್ಮೆಯೂ ಆಯಿತು, ನಗೆಯೂ ಬಂತು. ಮನೆಗೆ ಕರೆದು ಸೀರೆ ಮಾರುವ ವಿದ್ಯೆಯನ್ನು ನಮ್ಮ ವಂಶದಲ್ಲಿ ಮೊದಲು ಕಲಿತವಳು ನಾನು. ಫೋನಿರಲಿಲ್ಲ, ಸ್ಟ್ಯಾಂಡಿರಲಿಲ್ಲ. ಅತ್ತೆಯ ಒಂದು ಕರೀ ಕಂಬಳಿ ಇತ್ತು. ಆ ಒಂದು ಹಬ್ಬದ ಕಾಲವನ್ನು, ಶ್ರಾವಣದಿಂದ ದೀಪಾವಳಿಯವರೆಗಿನ ಆ ದಿನಗಳನ್ನು, ನಾನು ಇನ್ನೂ ಮರೆತಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷ. ಮದುವೆಯಾಗಿ ನಾನು ಚಳ್ಳಕೆರೆ ಸೇರಿದ್ದೆ. ನಮ್ಮನೆಯವರು ಒಂದು ಎಣ್ಣೆ ಮಿಲ್ಲಿನಲ್ಲಿ ರೈಟರು, ಮನೆ ಮಿಲ್ಲಿನ ಹಿಂದಿನ ಸಾಲಿನಲ್ಲಿ. ಒಣಗಲು ಹಾಕಿದ ಬಟ್ಟೆ ಶೇಂಗಾ ಹಿಂಡಿಯ ವಾಸನೆ ಹೊತ್ತುಕೊಂಡೇ ಒಳಗೆ ಬರುತ್ತಿತ್ತು. ಆ ವರ್ಷದ ಆಷಾಢದ ಗಾಳಿ ಎಂಥದ್ದೆಂದರೆ, ಕಿಟಕಿ ಮುಚ್ಚಿದರೂ ಧೂಳು ಅಡುಗೆಮನೆಯಲ್ಲಿ ಹಾಜರು. “ಊರಿನ ಮಣ್ಣೆಲ್ಲ ನಮ್ಮ ಗಂಗಳದಾಗೇ ಐತಲ್ಲೇ” ಅಂತ ಅತ್ತೆ ದಿನಾ ಊಟಕ್ಕೆ ಕೂತಾಗ ಗೊಣಗೋರು.

ಶ್ರಾವಣ ಹುಟ್ಟಿ ಗಾಳಿ ತಗ್ಗಿದ ಮೇಲೆ, ಮಿಲ್ಲಿನ ಲೆಕ್ಕ ನೋಡುವವರ ಹೆಂಡತಿ ಸರೋಜಮ್ಮ ನಮ್ಮ ಬಾಗಿಲಿಗೆ ಬಂದು, “ನಾಳೆ ಮಧ್ಯಾಹ್ನ ನಮ್ಮನೇಲಿ ಪಾರ್ಟಿ ಐತೆ, ಸುಸೀಲಾ, ಬಾ” ಅಂದರು.

“ಎಲೆಕ್ಷನ್ ಮುಗೀತಲ್ರೀ, ಇನ್ಯಾವ ಪಾರ್ಟಿ?” ಅಂತ ಅತ್ತೆ ಒಳಗಿನಿಂದಲೇ ಕೇಳಿದರು.

ಅದು ಡಬ್ಬಿ ಪಾರ್ಟಿ. ದಾವಣಗೆರೆಯಿಂದ ಒಬ್ಬ ಮೇಡಂ ದೊಡ್ಡ ಚೀಲದ ತುಂಬ ಪ್ಲಾಸ್ಟಿಕ್ ಡಬ್ಬಿ ತಂದಿದ್ದರು. ಗಾಳಿಯಾಡದ ಮುಚ್ಚಳ, ನವಿಲು ಬಣ್ಣ, ಗುಲಾಬಿ ಬಣ್ಣ. ಅವರದ್ದು ಅಂಗಡಿಯವರ ಮಾತೇ ಅಲ್ಲ. ಮೊದಲು ನಮ್ಮನ್ನೆಲ್ಲ ದುಂಡಗೆ ಕೂರಿಸಿ ಒಂದು ಆಟ ಆಡಿಸಿದರು. ಗೆದ್ದವರಿಗೆ ಪುಟ್ಟ ಚಮಚ. ಆಮೇಲೆ ಡಬ್ಬಿಗೆ ನೀರು ತುಂಬಿ ಮುಚ್ಚಳ ಒತ್ತಿ, ಸರೋಜಮ್ಮನವರ ಇಸ್ತ್ರಿ ಮಾಡಿದ ಬೆಡ್‌ಶೀಟಿನ ಮೇಲೆ ತಲೆಕೆಳಗು ಹಿಡಿದರು. ಸರೋಜಮ್ಮ ಕಣ್ಣು ಮುಚ್ಚಿಕೊಂಡರು. ಒಂದು ಹನಿ ಬೀಳಲಿಲ್ಲ.

“ಮುಟ್ಟಿ ನೋಡ್ರಿ, ಬೀಳಿಸಿ ನೋಡ್ರಿ, ನಿಮ್ಮನೇದೇ ಅನ್ಕೊಂಡು ನೋಡ್ರಿ” ಅನ್ನೋರು ಮೇಡಂ.

“ಈ ದೊಡ್ಡ ಡಬ್ಬಿಯಾಗೆ ನನ್ ಗಂಡನ್ನ ಹಾಕಿ ಮುಚ್ಚಿದ್ರೆ ವರ್ಷಾನುಗಟ್ಲೆ ಕೆಡಂಗಿಲ್ವಾ?” ಅಂತ ಒಬ್ಬಾಕೆ ಕೇಳಿದಳು. ಮನೆ ಹಾರಿಹೋಗುವಂತೆ ನಕ್ಕೆವು.

ನನಗೆ ಬೆರಗಾಗಿದ್ದು ಡಬ್ಬಿ ನೋಡಿ ಅಲ್ಲ. ಪೇಟೆಯ ಅಂಗಡಿಯಲ್ಲಿ ಗಂಡಂದಿರ ಬೆನ್ನ ಹಿಂದೆ ನಿಂತು ಕಣ್ಸನ್ನೆಯಲ್ಲೇ ಬೇಕು ಬೇಡ ಹೇಳುವ ಹೆಂಗಸರು, ಇಲ್ಲಿ ಚಾಪೆ ಮೇಲೆ ಕಾಲು ಚಾಚಿ ಕೂತು, ಹಿಡಿದು, ಎಳೆದು, ಪ್ರಶ್ನೆ ಹಾಕಿ, ಬೈದು, ನಕ್ಕು, ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡಿದ್ದರು. ಅತಿ ಚಿಕ್ಕ ಡಬ್ಬಿಯೊಂದನ್ನು ಕೊಂಡು ಮನೆಗೆ ಬರುವಾಗ ನನ್ನ ತಲೆಯಲ್ಲಿ ಡಬ್ಬಿ ಇರಲಿಲ್ಲ. ನಮ್ಮಕ್ಕ ಲಕ್ಷ್ಮಕ್ಕನ ಮೂರು ಸೀರೆ ಇದ್ದವು.

ನಮ್ಮದು ಮೊಳಕಾಲ್ಮುರಿನ ನೇಕಾರರ ಮನೆ. ಅಕ್ಕ ಭಾವ ಇಬ್ಬರೂ ನೇಯುತ್ತಿದ್ದರು. ಆ ಊರಿನ ಪದ್ಧತಿಯಲ್ಲಿ ರೇಷ್ಮೆ, ಜರಿ ಎಲ್ಲ ಸಾವುಕಾರರದ್ದು. ನೇದುಕೊಟ್ಟರೆ ಕೂಲಿ. ಸೀರೆ ಯಾರುಡುತ್ತಾರೆಂದು ನೇದವರಿಗೆ ಗೊತ್ತಿಲ್ಲ, ನೇದವರು ಯಾರೆಂದು ಉಟ್ಟವರಿಗೆ ಗೊತ್ತಿಲ್ಲ. ಆ ವರ್ಷ ಅಕ್ಕ ಹಟ ಹಿಡಿದು, ತಮ್ಮದೇ ರೇಷ್ಮೆ ತರಿಸಿ, ತನ್ನ ಮನಸ್ಸಿನ ಬಣ್ಣ ಹಾಕಿಸಿ ಮೂರು ಸೀರೆ ತಾನೇ ನೇದಿದ್ದಳು. ಅಂಗಡಿಯವರು ಅವನ್ನು ಮುಟ್ಟಲಿಲ್ಲ. ಸಾವುಕಾರರ ಮುಲಾಜು ಅವರಿಗೆ. ಸೀರೆ ಪೆಟ್ಟಿಗೆಯಲ್ಲಿ ಕೂತಿದ್ದವು.

ನಾನು ಹೋದಾಗ ಅಕ್ಕ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. “ಏಮೇ, ಹಿಂಗೆ ದಿಢೀರಂತ? ಗಂಡನ ಜೊತೆ ಜಗಳಾನಾ?”

“ಸೀರೆ ಮಾರೋಕೆ ಬಂದೀನಿ” ಅಂದು ಡಬ್ಬಿ ಪಾರ್ಟಿಯ ಕಥೆ ಹೇಳಿದೆ.

ಭಾವ ಬೀಡಿ ಹಚ್ಚುತ್ತಿದ್ದವರು ನಿಲ್ಲಿಸಿ ನಕ್ಕರು. “ಸೀರೇಗೂ ನೀರು ತುಂಬಿ ತಲೆಕೆಳಗ್ ಹಿಡಿತೀಯಾ ಸುಸೀಲಾ?” ಆಮೇಲೆ ನಗೆ ಬಿಟ್ಟು ಹೇಳಿದರು: “ನೋಡು, ದೀಪಾವಳಿ ಒಳಗೆ ಈ ಮೂರೂ ಹೋದ್ರೆ ಮತ್ತೆ ನಮ್ಮದೇ ರೇಷ್ಮೆ ತಂದು ಮಗ್ಗಕ್ಕೆ ಹಾಸು ಹೂಡ್ತೀನಿ. ಹೋಗ್ಲಿಲ್ಲ ಅಂದ್ರೆ ಈ ಸ್ವಂತದ ಹುಚ್ಚು ಇಲ್ಲಿಗೆ ಬಿಟ್ಟು ಸಾವುಕಾರ್ರ ನೂಲಿಗೆ ಕೈ ಒಡ್ಡೋದೇ. ಆಮ್ಯಾಲೆ ನಿಮ್ಮಕ್ಕ ಹಟ ಮಾಡಂಗಿಲ್ಲ.”

ಅಕ್ಕ ಮಗ್ಗದ ಕಡೆ ತಿರುಗಿದಳು. ಲಾಳಿ ಎರಡು ಸಲ ಆ ಕಡೆ ಈ ಕಡೆ ಓಡಿತು. ಸೀರೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ನನ್ನ ಕೈಗಿಡುವಾಗ ಮಾತ್ರ ಅಂದಳು, “ಕೇಳಿದೋರಿಗೆ ಬರೇ ಮೊಳಕಾಲ್ಮುರು ಸೀರೆ ಅನ್ಬ್ಯಾಡ. ಅದನ್ನ ಎಲ್ರೂ ಅಂತಾರೆ. ಲಕ್ಷ್ಮಕ್ಕ ನೇದಿದ್ದು ಅನ್ನು.”

ಬಸ್ಸಿನಲ್ಲಿ ಆ ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಇನ್ನು ಅತ್ತೆಯನ್ನು ಒಪ್ಪಿಸಬೇಕು. ಒಗ್ಗರಣೆ ಹಾಕುವಾಗ ಮಾತು ತೆಗೆದೆ, ಸಾಸಿವೆಯ ಸದ್ದಿನಲ್ಲಿ ಅರ್ಧ ಮುಳುಗಿಹೋಗಲಿ ಅಂತ. ಅತ್ತೆಯ ಕಿವಿಗೆ ಪೂರಾ ಬಿತ್ತು.

“ಮನೀಗೆ ಬಂದೋರ ಹತ್ರ ಯಾಪಾರ ಮಾಡ್ತೀಯಾ? ಕರದೋಳು ನೀನು, ಕಾಸು ಬಿಚ್ಚೋರು ಅವರು. ಇದ್ಯಾವ ಸೀಮೆ ನ್ಯಾಯನೇ?”

“ಸರೋಜಮ್ಮನವ್ರ ಮನೇಲಿ ಎಲ್ರೂ ಡಬ್ಬಿ ತಗೊಂಡ್ರಲ್ಲ ಅತ್ತೆ.”

“ಡಬ್ಬಿ ಬ್ಯಾರೆ, ಸೀರೆ ಬ್ಯಾರೆ.” ಅಷ್ಟಂದು ಎದ್ದು ಹೋದರು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ರೊಟ್ಟಿ ತಟ್ಟುವ ಹೊತ್ತಿಗೆ ಅವರೇ ಬಂದು ಬಾಗಿಲಿಗೆ ಒರಗಿ ನಿಂತರು. “ಕರೀ. ಆದ್ರೆ ಬಂದೋರಿಗೆಲ್ಲ ಮೊದ್ಲು ಅರಿಶಿಣ ಕುಂಕುಮ ಆಗ್ಬೇಕು. ಒಗ್ಗರಣೆ ಮಂಡಕ್ಕಿ, ಕಾಫಿ ಆಗ್ಬೇಕು. ತಗೊಂಡೋರಿಗೂ ಅಷ್ಟೇ ಮರ್ವಾದೆ, ತಗಳ್ಳದೋರಿಗೂ ಅಷ್ಟೇ ಮರ್ವಾದೆ. ಬಾಡಿದ ಮುಖ ಮಾಡಿ ಯಾರನ್ನೂ ಕಳಿಸ್ಬಾರ್ದು. ಒಪ್ಗೆನಾ?”

ಒಪ್ಪದೆ ಏನು ಮಾಡಲಿ!

ಗೌರಿ ಹಬ್ಬ ಮುಗಿದ ವಾರ ಕರೆದೆ. ಸಾಲಿನ ಹೆಂಗಸರೆಲ್ಲ ಬಂದರು. ಸರೋಜಮ್ಮ ಬಂದರು. ಪ್ರೈಮರಿ ಶಾಲೆಯ ವಿಜಯಾ ಟೀಚರು ಬಂದರು. ಅತ್ತೆ ತಮ್ಮ ಪೆಟ್ಟಿಗೆಯಿಂದ ಕರೀ ಕಂಬಳಿ ತೆಗೆದು ನಡುಮನೆಯಲ್ಲಿ ಹಾಸಿದರು. ನಮ್ಮ ಕಡೆ ಕಂಬಳಿ ಹಾಸದೆ ಒಳ್ಳೆ ಕೆಲಸ ಶುರುವಾಗುವುದಿಲ್ಲ. ಅವರು ಶುಭಕ್ಕೆಂದು ಹಾಸಿದ್ದು, ಆದರೆ ಅದರ ಮೇಲೆ ಆ ಮೂರು ಸೀರೆ ಇಟ್ಟಾಗ ಯಾವ ಅಂಗಡಿಯ ಗಾಜಿನ ಬೀರುವಿನಲ್ಲೂ ಕಾಣದ ಕಳೆ ಬಂತು. ಒಂದು ಅರಿಶಿಣ ಬಣ್ಣ, ಒಂದು ಕಡು ನೇರಳೆ. ಮೂರನೆಯದು ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ಗಿಳಿ ಹಸಿರಿನ ಅಂಚು, ಮೈತುಂಬ ಸಣ್ಣ ಸಣ್ಣ ಬುಟ್ಟಾ. ಅದನ್ನು ನೋಡಿದ್ದೇ ತಡ ಟೀಚರು “ಆಹಾ” ಅಂದರು.

ಆ “ಆಹಾ” ನನ್ನ ತಲೆಗೇರಿತು. ಡಬ್ಬಿ ಮೇಡಂ ನೆನಪಾದರು. ಸೀರೆ ಎತ್ತಿಕೊಂಡು, ಜಾಡಿಸಿ ಬಿಚ್ಚಿ, ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿ, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಸುತ್ತು ತಿರುಗಿದೆ. “ಮುಟ್ಟಿ ನೋಡ್ರಿ!”

ಯಾರೂ ಮುಟ್ಟಲಿಲ್ಲ. ಕಾಫಿ ಲೋಟ ಹಿಡಿದ ಕೈ ಹಿಡಿದಲ್ಲೇ ನಿಂತವು.

“ಮಡಿಕೆ ಮುರಿದ್ಬಿಟ್ಯಲ್ಲೇ ಸುಸೀಲಾ” ಅಂದರು ಸರೋಜಮ್ಮ ಮೆಲ್ಲಗೆ. “ನಾನು ಅದ್ನೇ ನನ್ ಮಗಳಿಗೆ ಅನ್ಕೊಂಡಿದ್ದೆ. ದೀಪಾವಳಿಗೆ ಗಂಡಿನ ಕಡೆಯೋರು ಬರೋರವ್ರೆ. ಒಬ್ರುಟ್ಟ ಸೀರೆ ಹೆಂಗಮ್ಮಾ ಕೊಡ್ಲಿ ಮಗಳಿಗೆ?”

ಹೊಸ ಸೀರೆಯ ಮಡಿಕೆಯನ್ನು ಮೊದಲು ಬಿಚ್ಚಿ ಉಡುವುದು ನಮ್ಮ ಹೆಂಗಸರಿಗೆ ಸಣ್ಣ ವಿಷಯವಲ್ಲ. ಅದಕ್ಕೆ ದಿನ ನೋಡುತ್ತಾರೆ. ಕೆಲವರು ತಾವು ಉಡುವ ಮೊದಲು, ಒಳ್ಳೆ ಕೈಗುಣದ ಮುತ್ತೈದೆಯನ್ನು ಕರೆದು ಅವಳಿಗೆ ಒಂದು ಗಳಿಗೆ ಉಡಿಸಿ, ಅವಳ ಪುಣ್ಯ ಸೀರೆಗೆ ಅಂಟಲಿ ಅನ್ನುತ್ತಾರೆ. ಅಂಥದ್ದರಲ್ಲಿ ಮಾರುವವಳೇ ಸುತ್ತಿಕೊಂಡು ಕುಣಿದರೆ?

ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ನೇಯುವವರ ಮನೆಯ ರೂಢಿಯೇ ಬೇರೆ. ಸೀರೆ ಮಗ್ಗದಿಂದ ಇಳಿದ ಕೂಡಲೇ ಮನೆಯಲ್ಲಿ ಎತ್ತರದ ಹುಡುಗಿ ಯಾರೋ ಅವಳಿಗೆ ಸುತ್ತಿ, ಅಂಚು ನೆಟ್ಟಗೆ ಇಳಿಯುತ್ತದಾ ಅಂತ ನೋಡುತ್ತಾರೆ. ಆಮೇಲೇ ಮಡಿಸುವುದು. ನಮ್ಮನೆಯಲ್ಲಿ ಎತ್ತರದವಳು ನಾನು, ಅಕ್ಕ ಗಿಡ್ಡಿ. ಬುದ್ಧಿ ಬಂದಾಗಿನಿಂದ ಎಷ್ಟೋ ಸೀರೆ ನನ್ನ ಹೆಗಲ ಮೇಲಿಂದ ಇಳಿದು ಊರೂರಿಗೆ ಹೋಗಿದ್ದವು. ಹೆಗಲಿಗೆ ಅದೊಂದು ಅಭ್ಯಾಸ. ಮಡಿಸಿಟ್ಟ ಮೇಲೆ ಸೀರೆ ನೇಕಾರರದ್ದಲ್ಲ, ಉಡುವವರದ್ದು ಅನ್ನುವುದನ್ನು ಹೆಗಲು ಮರೆತಿತ್ತು.

ಎಲ್ಲರೂ ಕಾಫಿ ಕುಡಿದು, ಕುಂಕುಮ ಹಚ್ಚಿಸಿಕೊಂಡು, ಮಂಡಕ್ಕಿ ಚೆನ್ನಾಗಿತ್ತೆಂದು ಹೇಳಿ ಹೋದರು. ಅತ್ತೆಗೆ ಕೊಟ್ಟ ಮಾತಿನಂತೆ ಕೊನೆಯವರು ಹೊಸಿಲು ದಾಟುವವರೆಗೆ ನಕ್ಕೆ. ಆಮೇಲೆ ಆ ಸೀರೆಯಲ್ಲೇ ಕಂಬಳಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಒಂದೂ ಹೋಗಿರಲಿಲ್ಲ. ಅದರಲ್ಲೂ ಎಲ್ಲಕ್ಕಿಂತ ಚೆಂದದ್ದನ್ನು ನಾನೇ ಕೆಡಿಸಿದ್ದೆ. ದೀಪಾವಳಿ ಹತ್ತಿರವಾಗುತ್ತಿತ್ತು.

ಅತ್ತೆ ಲೋಟಗಳನ್ನೆಲ್ಲ ತೊಳೆದಿಟ್ಟು ಬಂದು ನನ್ನ ಎದುರಿಗೆ ಕೂತರು. ಸೆರಗಿನ ತುದಿ ಹಿಡಿದು, ಬೆಳಕಿಗೆ ಒಡ್ಡಿ, ಒಳಮೈ ಹೊರಮೈ ನೋಡಿದರು.

“ಇದನ್ನ ನೇದಿದ್ದು ನಿಮ್ಮಕ್ಕನಾ?”

“ಹೂಂ.”

“ಹಿಂಭಾಗದಾಗೂ ಒಂದ್ ಎಳೆ ಎದ್ದಿಲ್ಲವಲ್ಲೇ.” ಇನ್ನೊಂದು ಸಲ ನೋಡಿದರು. “ಅಳೋದು ನಿಲ್ಸು, ರೇಷ್ಮೆ ಮ್ಯಾಲೆ ನೀರು ಬಿದ್ರೆ ಕಲೆ ಆಗ್ತೈತೆ. ಮುರಿದೋಳು ನೀನು, ನೀನೇ ಉಡು. ಪೆಟ್ಟಿಗೆಯಾಗೆ ಮುಚ್ಚಿಡಬ್ಯಾಡ. ಹಬ್ಬಕ್ಕುಡು, ದೇವಸ್ಥಾನಕ್ಕುಡು. ಊರು ನೋಡ್ಲಿ. ಇದು ದೀಪಾವಳಿಗೆ ಈ ಮನಿಯೋರು ನಿಂಗೆ ತಂದ ಸೀರೆ ಅಂತ ತಿಳ್ಕೋ.”

“ಅಷ್ಟೊಂದಾಗ್ತೈತೆ ಅತ್ತೆ…”

“ಅದು ನನ್ ಮಗ ನೋಡ್ಕಂತಾನೆ. ಅವ್ನಿಗೆ ಮಿಲ್ಲಿನ ಬೋನಸ್ ಬರಾದು ಯಾತಕ್ಕೆ, ಇಸ್ಪೀಟಿಗಾ?”

ನಮ್ಮನೆಯವರು ಅಂದು ಊಟಕ್ಕೆ ಕೂತಾಗ ಅವರ ಬೋನಸ್ಸು ಆಗಲೇ ಸೀರೆಯಾಗಿ ಹೋಗಿತ್ತು. “ಹಂಗಾದ್ರೆ ಒಂದು ಮಾರಿದಂಗಾತು ಬಿಡು” ಅಂದು ನಕ್ಕರು, ಪಾಪ.

ಅತ್ತೆಯ ಮಾತಿನಂತೆ ಉಟ್ಟೆ. ನವರಾತ್ರಿಯಲ್ಲಿ ಉಟ್ಟೆ. ಮಿಲ್ಲಿನ ಆಯುಧಪೂಜೆಯ ದಿನ ಉಟ್ಟೆ. ಆ ದಿನದ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ದಿನ ಮಳೆ ಬಂದು ಧೂಳೆಲ್ಲ ಕೂತಿತ್ತು. ಗಾಣದ ಯಂತ್ರಗಳಿಗೆ ಚೆಂಡು ಹೂವಿನ ಹಾರ. ಪರಶುರಾಂಪುರದ ಕಡೆಯಿಂದ ಹೊಸ ಶೇಂಗಾ ಹೊತ್ತು ಬಂದ ಮೊದಲ ಟ್ರ್ಯಾಕ್ಟರು ಗೇಟಿನಲ್ಲಿ ನಿಂತಿತ್ತು. ಹೆಂಗಸರ ಸಾಲಿನಲ್ಲಿ ನಾನು ನಿಂತಾಗ ಬಿಸಿಲು ಜಾರಿ ಸೀರೆಯ ಮೇಲೆ ಬಿತ್ತು. ಮಿಲ್ಲಿನ ಯಜಮಾನರ ಹೆಂಡತಿ ಮಂಗಳಾರತಿ ತಟ್ಟೆ ಹಿಡಿದವರು ಅಲ್ಲೇ ನಿಂತುಬಿಟ್ಟರು.

“ಇದೆಲ್ಲಿ ತಗೊಂಡ್ಯಮ್ಮ? ಬೆಂಗ್ಳೂರಾ?”

“ಇಲ್ರಿ. ನಮ್ಮಕ್ಕ ಲಕ್ಷ್ಮಕ್ಕ ನೇದಿದ್ದು” ಅಂದೆ. ಹೇಳುವಾಗ ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು.

ಪಕ್ಕದಲ್ಲಿದ್ದ ಸರೋಜಮ್ಮ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಮೂರು ದಿನ ಬಿಟ್ಟು ಮನೆಗೆ ಬಂದು, ಅತ್ತೆಯ ಹತ್ತಿರ ಅದೂ ಇದೂ ಮಾತಾಡಿ, ಕೊನೆಗೆ ನನ್ನ ಕಡೆ ತಿರುಗಿದರು. “ಉಳಿದ ಎರಡೂ ಮಡಿಕೆ ಹಂಗೇ ಅದಾವಾ?”

“ಹಂಗೇ ಅದಾವ್ರಿ, ಮುಟ್ಟಿಲ್ಲ.”

“ಇನ್ನೊಂದ್ಸಲ ಎಲ್ರನ್ನೂ ಕರೀ. ಈ ಸಲ ನಿಮ್ಮಕ್ಕನ್ನೂ ಕರ್ಸು. ನೇದೋಳ ಮುಖ ನೋಡ್ಬೇಕು.”

ಎಸ್‌ಟಿಡಿ ಬೂತಿನಿಂದ ಅಕ್ಕನ ಪಕ್ಕದ ಮನೆಗೆ ಫೋನು ಮಾಡಿ ವಿಷಯ ತಿಳಿಸಿದೆ. ದೀಪಾವಳಿಗೆ ಮುಂಚಿನ ಭಾನುವಾರ ಅಕ್ಕ ಭಾವನ ಜೊತೆ ಬಸ್ಸಿಳಿದಳು. ತೊಳೆದು ತೊಳೆದು ಮೆತ್ತಗಾದ ನೂಲಿನ ಸೀರೆ, ತಲೆತುಂಬ ಕನಕಾಂಬರ. ಭಾವ ಒಳಗೆ ಬರಲೊಲ್ಲದೆ ಜಗಲಿಯ ಮೇಲೆ ನಮ್ಮನೆಯವರ ಜೊತೆ ಕೂತರು. ಅಕ್ಕನೂ ನಡುಮನೆಯ ಬಾಗಿಲಲ್ಲೇ ನಿಂತಳು. “ನಾನು ಅಡುಗೆಮನೇಲಿರ್ತೀನಿ ಕಣೇ. ಇಷ್ಟು ಜನದಾಗೆ ನಂಗೇನು ಕೆಲ್ಸ?” ಅತ್ತೆ ಅವಳ ರಟ್ಟೆ ಹಿಡಿದು ತಂದು ಕಂಬಳಿಯ ಮೇಲೆ, ಸೀರೆಗಳ ಪಕ್ಕದಲ್ಲೇ ಕೂರಿಸಿದರು. ಮೊದಲ ಕುಂಕುಮ ಅವಳಿಗೇ.

ಈ ಸಲ ನಾನು ಬಾಯಿ ಬಿಡಲಿಲ್ಲ, ಸೀರೆಯನ್ನೂ ಮುಟ್ಟಲಿಲ್ಲ. ಹೆಂಗಸರೇ ಕೇಳಿದರು, ಅಕ್ಕ ಹೇಳಿದಳು. ಈ ನೇರಳೆ ಬಣ್ಣ ಬರಲು ಎಷ್ಟು ಸಲ ಅದ್ದಿಸಬೇಕಾಯಿತು, ಅಂಚಿಗೂ ಮೈಗೂ ಬೇರೆ ಬೇರೆ ಲಾಳಿ ಯಾಕೆ, ಕೈ ಬಿಗಿಯಾದರೆ ಸೀರೆ ಹೇಗೆ ಮುನಿಸಿಕೊಳ್ಳುತ್ತದೆ. ಶುರುವಿನಲ್ಲಿ ನೆಲ ನೋಡಿಕೊಂಡು ಮಾತಾಡುತ್ತಿದ್ದವಳು ಆಮೇಲಾಮೇಲೆ ತಲೆ ಎತ್ತಿದಳು, ಕೈ ಆಡಿಸಿದಳು, ಸಿಟ್ಟು ಬಂದಾಗ ಬರುವ ತೆಲುಗೂ ನಡುನಡುವೆ ಬಂತು. ವಿಜಯಾ ಟೀಚರು ನೇರಳೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡವರು ಮತ್ತೆ ಕೆಳಗಿಡಲೇ ಇಲ್ಲ. ಅದು ಅವರದ್ದಾಯಿತು.

ಸರೋಜಮ್ಮ ಅರಿಶಿಣ ಬಣ್ಣದ್ದನ್ನು ಎತ್ತಿಕೊಂಡರು. ಮಗಳನ್ನೂ ಕರೆತಂದಿದ್ದರು. ಸೀರೆಯನ್ನು ಮಗಳ ಕೈಗೆ ಕೊಡುತ್ತಾರೆಂದು ನಾವು ನೋಡುತ್ತಿದ್ದರೆ, ಅವರು ಅದನ್ನು ತಟ್ಟೆಯಲ್ಲಿಟ್ಟು, ಮೇಲೊಂದು ಹೂವಿಟ್ಟು ಅಕ್ಕನ ಮುಂದೆ ಹಿಡಿದರು.

“ಲಕ್ಷ್ಮಕ್ಕ, ನನ್ ಮಗಳು ಉಡೋಕೆ ಮುಂಚೆ ಇದರ ಮಡಿಕೆ ನೀನು ಮುರೀಬೇಕು.”

ಅಕ್ಕನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ಹೂಂ ಅಂತ ತಲೆಯಾಡಿಸಿದೆ.

“ನಾನಾ? ಬ್ಯಾಡ್ರಿ ಅಮ್ಮ, ದೊಡ್ಡೋರು ಯಾರನ್ನಾದ್ರೂ ಕರೀರಿ. ನಾನು ನೇಯೋಳು.”

“ಅದಕ್ಕೇ ನಿನ್ನೇ ಕೇಳ್ತಿರಾದು. ಇಷ್ಟು ಚೆಂದ ನೇಯೋ ಕೈಗಿಂತ ಒಳ್ಳೆ ಕೈಗುಣ ಯಾರ್ದೈತೆ ನಮ್ಮೂರಾಗೆ?”

ಹುಟ್ಟಿದಾಗಿನಿಂದ ರೇಷ್ಮೆಯಲ್ಲೇ ಕೈಯಾಡಿಸಿದ ನಮ್ಮಕ್ಕ ಮೈಮೇಲೆ ರೇಷ್ಮೆ ಹಾಕಿಕೊಂಡಿದ್ದು ತನ್ನ ಮದುವೆಯ ದಿನ ಮಾತ್ರ. ಆ ಸೀರೆಯೂ ಯಾರೋ ನೇದದ್ದು. ಅತ್ತೆ ಅವಳನ್ನು ಒಳಗೆ ಕರೆದೊಯ್ದು ಉಡಿಸಿಕೊಂಡು ಬಂದರು. ಅರಿಶಿಣ ಬಣ್ಣದಲ್ಲಿ ಬಾಗಿಲಿಗೆ ಬಂದು ನಿಂತಳು. ಗಿಡ್ಡ ಆಸಾಮಿ, ನೆರಿಗೆ ನೆಲ ಗುಡಿಸುತ್ತಿತ್ತು. ಕನ್ನಡಿ ಕೊಟ್ಟರೆ ಅದರಲ್ಲಿ ಮುಖ ನೋಡಿಕೊಳ್ಳಲಿಲ್ಲ. ಬಗ್ಗಿ, ಅಂಚು ನೆಟ್ಟಗೆ ಇಳಿದಿದೆಯಾ ಅಂತ ನೋಡಿದಳು. ಇಳಿದಿತ್ತು. ಆಗ ತಲೆ ಎತ್ತಿ ನಕ್ಕಳು ನೋಡಿ, ಅಂಥ ನಗೆಯನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ. ಸರೋಜಮ್ಮನ ಮಗಳು ಬಂದು ಅವಳ ಕಾಲಿಗೆ ನಮಸ್ಕಾರ ಮಾಡಿದಳು.

“ಲಕ್ಷ್ಮಕ್ಕ, ಸಂಕ್ರಾಂತಿಗೆ ನಂಗೊಂದು” ಅಂದರು ಒಬ್ಬರು. “ಮಡಿಕೆ ನೀನೇ ಮುರೀಬೇಕು ಮತ್ತೆ!”

“ನಂಗೂ ಹಂಗೇನೇ” ಅಂದರು ಇನ್ನೊಬ್ಬರು. “ಸುಸೀಲಂದು ಐತಲ್ಲ, ಆ ಈರುಳ್ಳಿ ಬಣ್ಣ.”

“ಏ, ಹಿಂಗೆ ಎಲ್ರದ್ದೂ ನಾನೇ ಉಡ್ತಾ ಕೂತ್ರೆ ನೇಯಾದ್ಯಾವಾಗ?” ಅಂದಳು ಅಕ್ಕ. ನಡುಮನೆಯೆಲ್ಲ ನಗೆ.

ಆ ನಗೆಗೆ ಜಗಲಿಯ ಮೇಲಿದ್ದ ಭಾವ ಎದ್ದು ಬಂದು ಬಾಗಿಲಲ್ಲಿ ಇಣುಕಿದರು. ಅರಿಶಿಣ ರೇಷ್ಮೆಯುಟ್ಟ ಹೆಂಡತಿಯನ್ನು ನೋಡಿದರು, ಬರಿದಾದ ಕರೀ ಕಂಬಳಿಯನ್ನು ನೋಡಿದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಸುಮ್ಮನೆ ಒಮ್ಮೆ ಕೊಡವಿದರು.

“ಲಕ್ಷ್ಮೀ, ಬಿರ್ನೆ ಹೊರಡು. ಕೊನೇ ಬಸ್ಸು ತಪ್ಪಿದ್ರೆ ಕಷ್ಟ” ಅಂದರು. “ನಾಳೆ ಬೆಳಿಗ್ಗೆನೇ ನಮ್ಮ ಹಾಸು ಹೂಡ್ಬೇಕು.”